ಐದೂ ಸ್ವರ ಇರುವ ಇಂಗ್ಲಿಷ್ ಪದ ಹುಡುಕುವುದು: ಗ್ರೆಪ್ ಇಡೀ ಫೈಲನ್ನೇ ತಂದು ಸುರಿಯುತ್ತಿದೆ

ಪದಬೇಟೆ:
ಎ, ಇ, ಐ, ಓ, ಯು ಐದೂ ಇರುವ ಇಂಗ್ಲಿಷ್ ಪದಗಳ ಪಟ್ಟಿ ಬೇಕು. ಉಬುಂಟುವಿನ (ಲಿನಕ್ಸ್‌ನ ಒಂದು ಬಗೆ) ಡಿಕ್ಟ್ ಫೋಲ್ಡರಿನಲ್ಲಿ ಸಾಲಿಗೊಂದು ಪದದಂತಿರುವ ವರ್ಡ್ಸ್ ಫೈಲ್ ಮೇಲೆ ಗ್ರೆಪ್ (ಕೊಟ್ಟ ಮಾದರಿಗೆ ಹೊಂದುವ ಸಾಲುಗಳನ್ನು ಹೆಕ್ಕುವ ಕಮಾಂಡ್) ಓಡಿಸಿದೆ. ಚೌಕ ಕಂಸದೊಳಗೆ ಐದೂ ಅಕ್ಷರ ಕೊಟ್ಟರೆ ಹೆಚ್ಚೂಕಮ್ಮಿ ಇಡೀ ಫೈಲೇ ಬರುತ್ತದೆ. ಕಂಸ ತೆಗೆದು ಒಟ್ಟಿಗೆ ಬರೆದರೆ ಒಂದೂ ಇಲ್ಲ. ತಪ್ಪು ಎಲ್ಲಿ? ಸ್ಕ್ರಾಬಲ್‌ನಲ್ಲಿ (ಅಕ್ಷರದ ಬಿಲ್ಲೆಗಳಿಂದ ಪದ ಕಟ್ಟುವ ಆಟ) ಕೈಯಲ್ಲಿರುವ ಏಳು ಅಕ್ಷರಕ್ಕೆ ಪದ ಹುಡುಕಲಿಕ್ಕೂ ಇದೇ ದಾರಿಯಾ?

ಸಾಲುಗಾರ:
ಚೌಕ ಕಂಸ ಅಂದರೆ "ಇವುಗಳಲ್ಲಿ ಯಾವುದಾದರೂ ಒಂದು". ಒಂದು ಸ್ವರವಾದರೂ ಇಲ್ಲದ ಇಂಗ್ಲಿಷ್ ಪದ ಎಷ್ಟಿದ್ದೀತು? ಅದಕ್ಕೇ ಎಲ್ಲವೂ ಬಂತು. ಕಂಸ ಇಲ್ಲದೆ ಬರೆದರೆ ಐದೂ ಅದೇ ಕ್ರಮದಲ್ಲಿ ಒಂದಕ್ಕೊಂದು ಅಂಟಿಕೊಂಡಿರಬೇಕು ಅಂತ ಅರ್ಥ.

"ಇದೂ ಇರಬೇಕು, ಅದೂ ಇರಬೇಕು" ಅನ್ನಬೇಕಾದರೆ ಐದು ಗ್ರೆಪ್‌ಗಳನ್ನು ಪೈಪ್ (|, ಒಂದರ ಉತ್ತರವನ್ನು ಮುಂದಿನದಕ್ಕೆ ಕೊಡುವ ಚಿಹ್ನೆ) ಹಾಕಿ ಸರಪಳಿ ಮಾಡಿ. ಮೊದಲನೆಯದು ಎ ಇರುವ ಸಾಲುಗಳನ್ನು ಉಳಿಸುತ್ತದೆ, ಎರಡನೆಯದು ಅವುಗಳಲ್ಲಿ ಇ ಇರುವುದನ್ನು, ಹೀಗೆ ಯುವರೆಗೆ. ಎಜುಕೇಶನ್, ಸಿಕ್ವೋಯಾ, ಫಸೀಶಸ್, ಸಬ್‌ಕಾಂಟಿನೆಂಟಲ್ ಎಲ್ಲ ಸಿಗುತ್ತವೆ.

ಕ್ರಮವೂ ಬೇಕೆಂದರೆ ಒಂದೇ ಗ್ರೆಪ್ ಸಾಕು, ಅಕ್ಷರಗಳ ನಡುವೆ ಚುಕ್ಕಿ-ನಕ್ಷತ್ರ (.*, ಅಂದರೆ ನಡುವೆ ಏನಿದ್ದರೂ ಸರಿ) ಇಡಿ. ಎಯಿಂದ ಯುವರೆಗೆ ಬರೆದರೆ ಫಸೀಶಸ್, ಆಬ್‌ಸ್ಟೀಮಿಯಸ್ ಥರದವು ಉಳಿಯುತ್ತವೆ. ತಿರುಗಿಸಿ ಯುಯಿಂದ ಎಗೆ ಬರೆದರೆ ನಮ್ಮ ಸಬ್‌ಕಾಂಟಿನೆಂಟಲ್: ಯು, ಓ, ಐ, ಇ, ಎ.

ಪ್ರತಿ ಸ್ವರವೂ ಒಂದೇ ಸಲ ಇರಬೇಕು ಅಂದರೆ ಸರಪಳಿಯ ಕೊನೆಗೆ ಇನ್ನೊಂದು ಗ್ರೆಪ್ ಸೇರಿಸಿ, ಮೈನಸ್ ವಿ ಮತ್ತು ದೊಡ್ಡ ಇ ಆಯ್ಕೆಗಳ ಜೊತೆ: ([…]).*\1. ಮೂರು ಚುಕ್ಕಿಯ ಜಾಗದಲ್ಲಿ ಐದೂ ಸ್ವರ ಬರೆಯಿರಿ. ಹಿಂದೆ ಸಿಕ್ಕ ಸ್ವರವೇ ಮತ್ತೆ ಬಂದರೆ ಆ ಸಾಲನ್ನು ಇದು ಬಿಸಾಕುತ್ತದೆ.

ಒಂದು ಕಡೆ ಎಡವದಂತೆ ನೋಡಿಕೊಳ್ಳಿ: ಎರಡು ಎಸ್ ಇರುವ ಪದ ಬೇಕೆಂದು ಎಸ್‌ಗೆ ಎರಡು ಸಲ ಗ್ರೆಪ್ ಹಾಕಿದರೆ ಪ್ರಯೋಜನವಿಲ್ಲ. ಎರಡನೆಯದೂ ಅದೇ ಎಸ್ ನೋಡಿ ಒಪ್ಪಿಕೊಳ್ಳುತ್ತದೆ. ಎಸ್, ಚುಕ್ಕಿ-ನಕ್ಷತ್ರ, ಎಸ್ ಅಂತ ಒಂದರಲ್ಲೇ ಬರೆಯಬೇಕು.

ಬಿಂಗೊ50:
ಸ್ಕ್ರಾಬಲ್‌ಗೆ ಈ ದಾರಿ ಅಲ್ಲ, ಅಲ್ಲಿ ಪ್ರಶ್ನೆಯೇ ತಲೆಕೆಳಗು. ನಿಮ್ಮದು "ಇವೆಲ್ಲ ಇರಬೇಕು, ಬೇರೆಯವೂ ಇರಬಹುದು". ಸ್ಕ್ರಾಬಲ್‌ನದು "ಇವುಗಳನ್ನು ಬಿಟ್ಟು ಬೇರೆ ಇರಕೂಡದು, ಇರುವುದನ್ನೂ ಇದ್ದಷ್ಟೇ ಬಳಸಬೇಕು". ಬಹಳ ಜನ ಎಡವುವುದು ಈ ಎರಡನೇ ಅರ್ಧದಲ್ಲಿ. ಲಿಸನ್ ಪದದ ಅಕ್ಷರಗಳು ಎಲ್, ಐ, ಎಸ್, ಟಿ, ಇ, ಎನ್. ಆ ಆರನ್ನು ಕಂಸದಲ್ಲಿಟ್ಟು ಮೊದಲು ^ (ಸಾಲಿನ ಆರಂಭ), ಕೊನೆಗೆ +$ (ಒಂದು ಅಥವಾ ಹೆಚ್ಚು ಸಲ, ಸಾಲಿನ ಕೊನೆಯವರೆಗೆ) ಹಾಕಿ (ಇಲ್ಲೂ ದೊಡ್ಡ ಇ ಆಯ್ಕೆ ಬೇಕು) ಹುಡುಕಿದರೆ ಸೆನ್ಸ್‌ಲೆಸ್ ಕೂಡ ಪಾಸಾಗುತ್ತದೆ. ಅದಕ್ಕೆ ನಾಲ್ಕು ಎಸ್, ಮೂರು ಇ ಬೇಕು. ನಿಮ್ಮ ಕೈಯಲ್ಲಿರುವುದು ಒಂದೊಂದೇ.

ಇದಕ್ಕೆ ಅಕ್ಷರಗಳನ್ನು ಎಣಿಸಲೇಬೇಕು. ಪೈತಾನ್ ಭಾಷೆಯ ಕೌಂಟರ್‌ನಲ್ಲಿ (ಯಾವ ಅಕ್ಷರ ಎಷ್ಟಿದೆ ಎಂದು ಎಣಿಸಿಡುವ ಸಾಧನ) ಪದದ ಎಣಿಕೆಯಿಂದ ಕೈಯಲ್ಲಿರುವ ಅಕ್ಷರಗಳ ಎಣಿಕೆ ಕಳೆಯಿರಿ. ಏನೂ ಉಳಿಯದಿದ್ದರೆ ಪದ ಆಗುತ್ತದೆ. ಯಾವ ಅಕ್ಷರಕ್ಕಾದರೂ ಸಲ್ಲುವ ಖಾಲಿ ಬಿಲ್ಲೆ ಇದ್ದರೆ ಅಷ್ಟು ಕೊರತೆಯನ್ನು ಮನ್ನಿಸಿ: ಒಂದು ಖಾಲಿಗೆ ಉಳಿಕೆ ಒಂದರವರೆಗೆ ಇರಬಹುದು. ಇಂಗ್ಲಿಷ್ ಸೆಟ್ಟಿನ 100 ಬಿಲ್ಲೆಗಳಲ್ಲಿ ಖಾಲಿ ಎರಡೇ ಇರುವುದರಿಂದ ಎರಡಕ್ಕಿಂತ ಹೆಚ್ಚು ಯೋಚಿಸಬೇಕಿಲ್ಲ.

ಏಳಕ್ಕೆ ಏಳೂ ಬಳಸುವ ಪದ ಮಾತ್ರ ಬೇಕಾದರೆ (ಅದಕ್ಕೇ 50 ಹೆಚ್ಚುವರಿ ಅಂಕ) ಇನ್ನೂ ಸುಲಭ. ಪಟ್ಟಿಯ ಪ್ರತಿ ಪದದ ಅಕ್ಷರಗಳನ್ನು ಅಕಾರಾದಿಯಾಗಿ ಜೋಡಿಸಿ ಅದನ್ನೇ ಕೀ (ಪದ ಹುಡುಕುವ ಗುರುತು) ಮಾಡಿ. ಲಿಸನ್, ಸೈಲೆಂಟ್, ಟಿನ್ಸೆಲ್, ಎನ್‌ಲಿಸ್ಟ್, ಇನ್ಲೆಟ್ಸ್ ಐದಕ್ಕೂ ಒಂದೇ ಕೀ: ಇ-ಐ-ಎಲ್-ಎನ್-ಎಸ್-ಟಿ. ಎ-ಇ-ಐ-ಎನ್-ಆರ್-ಎಸ್-ಟಿ ಕೊಟ್ಟು ನೋಡಿ: ನಾಸ್ಟಿಯರ್, ರಿಟೇನ್ಸ್, ರೆಟಿನಾಸ್, ಸ್ಟೇನರ್, ಆಂಟ್ಸಿಯರ್, ರೆಟ್ಸೀನಾ ಒಂದೇ ಏಟಿಗೆ ಬೀಳುತ್ತವೆ. ಸೂಚಿ ಒಮ್ಮೆ ಕಟ್ಟಿಟ್ಟರೆ ಆಮೇಲೆ ಹುಡುಕಾಟಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ.

ಕೋಶಪಾಲ:
ಕಮಾಂಡ್ ಸರಿಯಿದ್ದೂ ಉತ್ತರ ಕೆಡುವುದು ಪಟ್ಟಿಯಿಂದ. ಉಬುಂಟುವಿನ ಮಾಮೂಲಿ ಫೈಲ್ ಅಮೆರಿಕನ್ ಸ್ಪೆಲಿಂಗಿನದು. ನಮ್ಮ ಶಾಲೆಗಳಲ್ಲಿ ಕಲಿಸುವ, ಯು ಇರುವ "ಕಲರ್" ಬೇಕಾದರೆ ಡಬ್ಲ್ಯುಬ್ರಿಟಿಷ್ ಪ್ಯಾಕೇಜ್ ಹಾಕಿಕೊಳ್ಳಿ. ಆ ಫೈಲಿನಲ್ಲಿ ಅಂಕಿತನಾಮಗಳಿವೆ, ಅಪಾಸ್ಟ್ರಫಿ-ಎಸ್ ಅಂಟಿದ ರೂಪಗಳೂ ಇವೆ. ಮೊದಲು ಪೂರ್ತಿ ಸಣ್ಣಕ್ಷರದ ಸಾಲುಗಳನ್ನಷ್ಟೇ ಸೋಸಿ ಬೇರೆ ಫೈಲ್ ಮಾಡಿಟ್ಟುಕೊಳ್ಳಿ. ಸೋಸುವಾಗ ಎಲ್‌ಸಿ-ಆಲ್ ಅನ್ನು (ಲೊಕೇಲ್, ಅಂದರೆ ಭಾಷೆ-ದೇಶದ ನಿಯಮ ಆರಿಸುವ ಸೆಟ್ಟಿಂಗ್) ಸಿ ಎಂದು ಇಡಿ, ಇಲ್ಲದಿದ್ದರೆ ಕೆಲವು ಲೊಕೇಲ್‌ಗಳಲ್ಲಿ ಎಯಿಂದ ಝಡ್‌ವರೆಗಿನ ವ್ಯಾಪ್ತಿಯೊಳಗೆ ದೊಡ್ಡಕ್ಷರವೂ ನುಸುಳುತ್ತದೆ.

ಮ್ಯಾಕ್‌ನವರ ತೊಂದರೆ ಬೇರೆ. ಅದರ ಪಟ್ಟಿ 1934ರ ವೆಬ್‌ಸ್ಟರ್ ಕೋಶದ್ದು. 2.3 ಲಕ್ಷಕ್ಕೂ ಹೆಚ್ಚು ಪದ ಇದ್ದರೂ ಸಾಮಾನ್ಯ ಬಹುವಚನಗಳು ಅದರಲ್ಲಿ ಸಿಗುವುದಿಲ್ಲ, ರೆಟಿನಾಸ್ ಅಂಥದ್ದು ತಪ್ಪಿಹೋಗುತ್ತದೆ. ಆಟಕ್ಕಾದರೆ ಎನೇಬಲ್ ಪಟ್ಟಿ ತೆಗೆದುಕೊಳ್ಳಿ, ಸುಮಾರು 1.72 ಲಕ್ಷ ಪದ, ಯಾರು ಬೇಕಾದರೂ ಬಳಸಬಹುದು. ಕಾಲಿನ್ಸ್‌ನ 2019ರ ಸ್ಕ್ರಾಬಲ್ ಪಟ್ಟಿಯಲ್ಲಿ 2,79,496 ಇವೆ, ದೋಸಾ, ಇಡ್ಲಿ ಸಮೇತ.

ಪದಬೇಟೆ:
ಸರಪಳಿ ಕೆಲಸ ಮಾಡಿತು. ಆದರೆ ವೆಬ್‌ನಿಂದ ಇಳಿಸಿದ ಪಟ್ಟಿಯಲ್ಲಿ ಕೊನೆಗೆ ಡಾಲರ್ ಚಿಹ್ನೆ ಹಾಕಿದರೆ ಸೊನ್ನೆ. ತೆಗೆದರೆ ಬರುತ್ತದೆ.

ಸಾಲುಗಾರ:
ಅದು ವಿಂಡೋಸ್ ಫೈಲ್. ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಕೂತಿದೆ, ಹಾಗಾಗಿ ಕೊನೆಯ ಅಕ್ಷರದ ಪಕ್ಕ ಸಾಲು ಮುಗಿಯುವುದೇ ಇಲ್ಲ. ಫೈಲ್ ಕಮಾಂಡ್ ಓಡಿಸಿ, ಸಿಆರ್‌ಎಲ್‌ಎಫ್ ಅಂತ ತೋರಿಸಿದರೆ ಅದೇ ಸರಿ. ಟಿಆರ್ ಕಮಾಂಡಿಗೆ ಮೈನಸ್ ಡಿ ಕೊಟ್ಟು \ಆರ್ (ಇಂಗ್ಲಿಷಿನ ಸಣ್ಣ ಆರ್) ಅಳಿಸಿ ಹೊಸ ಫೈಲಿಗೆ ಬರೆಸಿ. ಹಳೆಯದರ ಮೇಲೇ ಬರೆಸಲು ಹೋದರೆ ಫೈಲ್ ಖಾಲಿಯಾಗುತ್ತದೆ.

ಕಿವಿಮಾತು:
ಕಂಪ್ಯೂಟರ್ ಇಲ್ಲದೆ ಹುಡುಕುವಾಗ ನಮಗೆ ಅಡ್ಡ ಬರುವುದು ನಮ್ಮ ಲಿಪಿಯೇ. ಪಿ, ಎಚ್ ಜೊತೆಯಾಗಿ ಕಂಡರೆ ಮನಸ್ಸು ಸೀದಾ ಫಕಾರಕ್ಕೆ ಓಡುತ್ತದೆ: ಫೋನ್, ಗ್ರಾಫ್. ಶೆಪರ್ಡ್, ಅಪ್‌ಹಿಲ್, ಹ್ಯಾಪ್‌ಹಜರ್ಡ್ ನೆನಪಾಗುವುದೇ ಇಲ್ಲ. ಕೆ ಇದ್ದರೆ ಕಕಾರದ ಪದಗಳಷ್ಟೇ ಹೊಳೆಯುತ್ತವೆ, ನೈಟ್, ನೀ, ನಾಟ್‌ಗಳ ಮೂಕ ಕೆ ಮರೆತುಹೋಗುತ್ತದೆ. ಉಚ್ಚರಿಸದೆ ಅಕ್ಷರಗಳನ್ನು ವೃತ್ತಾಕಾರದಲ್ಲಿ ಬರೆದು ನೋಡಿ.

ಒಂದು ಕಡೆ ಮಾತ್ರ ಕಿವಿಯೇ ಆಸರೆ. ಯು ಇಲ್ಲದ ಕ್ಯೂ ಪದಗಳು ಬಹುಪಾಲು ಅರಬ್ಬಿಯಿಂದ ಬಂದವು. ಫಕೀರ, ತಲಾಖ್, ಖವ್ವಾಲಿ ನಮಗೆ ಮೊದಲೇ ಗೊತ್ತಿರುವ ಮಾತುಗಳು. ಮೂರನ್ನೂ ಇಂಗ್ಲಿಷಿನಲ್ಲಿ ಕ್ಯೂ ಹಾಕಿ ಬರೆದರೆ ಕಾಲಿನ್ಸ್ ಪಟ್ಟಿಯಲ್ಲಿ ನಡೆಯುತ್ತವೆ.