ಮೂಲೆಯಿಂದ ಮೂಲೆಗೆ

"65," ಎಂದು ಸದಾಶಿವ ತೀರ್ಪು ಕೊಟ್ಟ. "ಇನ್ನು ಮಾತಿಲ್ಲ. ತಂದರೆ 65 ಇಂಚಿನ ಟಿವಿಯನ್ನೇ ತರುವುದು."

"ಹೋದ ವಾರ 43 ಎಂದಿದ್ದೆಯಲ್ಲಪ್ಪ?" ಎಂದರು ರಾಯರು.

"ಅದು ಷಡ್ಡಕರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗುವುದಕ್ಕೆ ಮುಂಚೆ," ಎಂದು ಪದ್ಮಕ್ಕ ಅಡುಗೆಮನೆಯಿಂದಲೇ ಉತ್ತರ ಕೊಟ್ಟರು. "ಕಥೆ ಓದುತ್ತಿದ್ದಷ್ಟು ಹೊತ್ತೂ ಇವರು ದೇವರ ಕಡೆ ನೋಡಲೇ ಇಲ್ಲ. ಎದುರು ಗೋಡೆ ನೋಡುತ್ತಿದ್ದರು. ಅಲ್ಲಿ 55 ಇತ್ತು."

ಮೇಷ್ಟ್ರು ಪತ್ರಿಕೆ ಮಡಿಚಿ ಪಕ್ಕಕ್ಕಿಟ್ಟರು. ಶ್ರೀಪತಿ ಮೇಷ್ಟ್ರು ಪತ್ರಿಕೆ ಮಡಿಚಿದರೆಂದರೆ ಎದ್ದು ಹೋಗುವವರು ಆಗಲೇ ಹೋಗಿಬಿಡಬೇಕು.

"ಸದಾಶಿವಾ, ಆ 65 ಇಂಚು ಎಲ್ಲಿದೆ ತೋರಿಸು ನೋಡೋಣ. ಪರದೆಯ ಅಗಲ ಅಳೆ, 57 ಇಂಚೂ ಪೂರ್ತಿ ಬರುವುದಿಲ್ಲ. ಎತ್ತರ ಅಳೆ, 32. ಹಾಗಾದರೆ 65 ಎಲ್ಲಿಂದ ಬಂತು? ಕೆಳಗಿನ ಈ ಮೂಲೆಯಿಂದ ಮೇಲಿನ ಆ ಮೂಲೆಗೆ ಓರೆಯಾಗಿ ದಾರ ಹಿಡಿದಾಗ ಬಂತು. ಲೋಕದಲ್ಲಿ ಇನ್ನು ಯಾವ ಸರಕನ್ನು ಹೀಗೆ ಅಳೆದು ಮಾರುತ್ತಾರೆ, ಹೇಳು."

"ಮೊಬೈಲ್," ಎಂದ ರಾಘು.

"ಅದು ಟಿವಿಯ ಮರಿ. ಬೇರೆ ಹೇಳು."

ಯಾರಿಗೂ ಹೊಳೆಯಲಿಲ್ಲ.

"ನಿನ್ನ ಈ ಸೈಟನ್ನೇ ತೆಗೆದುಕೋ. ಮೂವತ್ತು–ನಲವತ್ತು. ಟಿವಿ ಕಂಪನಿಯವರು ಬಡಾವಣೆ ಮಾಡಿದ್ದರೆ ಇದನ್ನು ಐವತ್ತರ ಸೈಟು ಎಂದು ಮಾರುತ್ತಿದ್ದರು. ಮೂವತ್ತರ ವರ್ಗಕ್ಕೆ ನಲವತ್ತರ ವರ್ಗ ಕೂಡಿಸಿ ವರ್ಗಮೂಲ ತೆಗೆ, ಸರಿಯಾಗಿ 50. ಸುಳ್ಳು ಹೇಳಿದರು ಎಂದು ಕೋರ್ಟಿಗೆ ಹೋಗುವಂತೆಯೂ ಇಲ್ಲ. ಅವರ ಕಡೆಯಿಂದ ಪೈಥಾಗೊರಸ್ ಸಾಕ್ಷಿಗೆ ಬಂದು ನಿಲ್ಲುತ್ತಾನೆ."

"ಹಾಗಾದರೆ ಸೀರೆ ಅಂಗಡಿಯವರು ಯಾಕೆ ಈ ಉಪಾಯ ಮಾಡಲಿಲ್ಲ?" ಎಂದರು ರಾಯರು. ರಾಯರಿಗೆ ಇಂಥ ಅನುಮಾನಗಳು ಬಹಳ.

"ಸೀರೆಗೆ ಒಗ್ಗುವುದಿಲ್ಲ ರಾಯರೇ. ಹದಿನೆಂಟು ಅಡಿ ಉದ್ದದ ಸೀರೆಯನ್ನು ಎಷ್ಟೇ ಓರೆಯಾಗಿ ಅಳೆದರೂ ಐದು ಇಂಚು ಹೆಚ್ಚು ಸಿಕ್ಕರೆ ಪುಣ್ಯ. ಗಿಟ್ಟದ ವ್ಯಾಪಾರವಾದ್ದರಿಂದ ಪಾಪ, ಪ್ರಾಮಾಣಿಕರಾಗಿ ಉಳಿದರು. ಆದರೆ ವಧೂವರರ ಜಾಹೀರಾತಿಗೆ ಚೆನ್ನಾಗಿ ಒಗ್ಗುತ್ತದೆ. ಹುಡುಗನ ಎತ್ತರವನ್ನು ಎಡಗಾಲಿನ ಹೆಬ್ಬೆರಳಿನಿಂದ ಮೇಲೆತ್ತಿದ ಬಲಗೈಯ ತುದಿಯವರೆಗೆ ಅಳೆದು 'ಏಳು ಅಡಿ, ಸರ್ಕಾರಿ ನೌಕರಿ' ಎಂದು ಹಾಕಿಸಬಹುದು."

"ಇವರನ್ನು ನಮ್ಮಪ್ಪನಿಗೆ ಹಾಗೆಯೇ ಅಳೆದು ಕೊಟ್ಟಿದ್ದರು ಅನ್ನಿಸುತ್ತದೆ," ಎಂದು ಪದ್ಮಕ್ಕ ಕಾಫಿ ತಂದಿಟ್ಟರು.

ರಾಘುವಿಗೆ ಇಷ್ಟು ಹೊತ್ತು ತಡೆದುಕೊಂಡಿದ್ದೇ ಹೆಚ್ಚು. ಹುಡುಗ ಟಿವಿ ಕೊಳ್ಳುವವನಲ್ಲ, ಟಿವಿಗಳ ವಿಮರ್ಶೆ ನೋಡುವವನು. ಇವರಿಬ್ಬರೂ ಬೇರೆ ಬೇರೆ ಜಾತಿಯವರು; ಎರಡನೆಯವರು ಎಂದೂ ಕೊಳ್ಳುವುದಿಲ್ಲ.

"ಮೇಷ್ಟ್ರೇ, ಲೆಕ್ಕವನ್ನು ಪೂರ್ತಿ ಹೇಳಬೇಕು. 43ರಿಂದ 55ಕ್ಕೆ ಹೋದರೆ ಹೆಚ್ಚುವುದು 12 ಇಂಚು. ಆದರೆ ಪರದೆಯ ವಿಸ್ತೀರ್ಣ ಒಂದೂವರೆ ಪಟ್ಟನ್ನೂ ಮೀರುತ್ತದೆ. ಓರೆ ಅಳತೆಯಿಂದ ಗಿರಾಕಿಗೆ ಲಾಭ ಕಾಣದೇ ಹೋಗುತ್ತದೆ, ಅಷ್ಟೇ."

ಮೇಷ್ಟ್ರು ಒಂದು ಗುಟುಕು ಕಾಫಿ ಕುಡಿದರು. ತಾವು ಕಲಿಸಿದ ಗಣಿತ ತಮ್ಮ ಮೇಲೆಯೇ ತಿರುಗಿ ಬಂದರೆ ಅವರಿಗೆ ಸೇರುವುದಿಲ್ಲ.

"ಸರಿಯಪ್ಪ, ಒಪ್ಪಿದೆ. ಇನ್ನೊಂದು ಲೆಕ್ಕವನ್ನು ನೀನೂ ಒಪ್ಪು. ಹಳೆಯ ಡಬ್ಬಾ ಟಿವಿಯ ಪರದೆ ನಾಲ್ಕಕ್ಕೆ ಮೂರು. ಈಗಿನದು ಹದಿನಾರಕ್ಕೆ ಒಂಬತ್ತು. ಅಷ್ಟೇ ಇಂಚಿನ ಓರೆ ಹಿಡಿದುಕೊಂಡು ಪರದೆಯನ್ನು ಅಡ್ಡಕ್ಕೆ ಎಳೆದರೆ ವಿಸ್ತೀರ್ಣ ಕಡಿಮೆಯಾಗುತ್ತದೆ. ಇಂಚು ಹಾಗೆಯೇ ಉಳಿಯಿತು, ಗಾಜು ಕರಗಿತು."

"ಅದಕ್ಕೇ!" ಎಂದು ರಾಯರು ನೆಟ್ಟಗೆ ಕುಳಿತರು. "29 ಇಂಚಿನ ಡಬ್ಬಾ ಕೊಟ್ಟು 32 ಇಂಚಿನ ತೆಳು ಟಿವಿ ತಂದಾಗ ವಾರ್ತೆ ಓದುವವರೆಲ್ಲ ಕುಳ್ಳಗಾಗಿದ್ದರು. ನನ್ನ ಕಣ್ಣಿನ ದೋಷ ಎಂದು ಡಾಕ್ಟರ ಬಳಿಗೂ ಹೋಗಿ ಬಂದೆ."

"ದೋಷ ನಿಮ್ಮದಲ್ಲ. 32ರ ಎತ್ತರ ನಿಮ್ಮ ಹಳೆಯ 29ಕ್ಕಿಂತ ಕಡಿಮೆ."

"ಆಮೇಲೆ ಮಗ ಏನೋ ಗುಂಡಿ ಒತ್ತಿದ. ಅವರೆಲ್ಲ ದಪ್ಪಗೂ ಆದರು."

ನಡುಮನೆಯಿಂದ ಅಜ್ಜಿಯ ದನಿ ಬಂತು: "ಪದ್ಮಾ, ಈಗ ಬಂದವಳು ಯಾರೇ?"

ಪದ್ಮಕ್ಕ ಇದ್ದಲ್ಲಿಂದಲೇ, ಟಿವಿಯ ಕಡೆ ತಿರುಗದೆ, "ನಾದಿನಿ, ಅತ್ತೆ. ಡೋಲು ಕೇಳಲಿಲ್ಲವೇ?" ಎಂದರು. ಧಾರಾವಾಹಿಯಲ್ಲಿ ಕೆಟ್ಟವರು ಬರುವಾಗ ಡೋಲು ಬಡಿಯುವ ಏರ್ಪಾಡಿದೆ. ಕೆಲಸದಲ್ಲಿರುವ ಹೆಂಗಸರಿಗೆ ಬಹಳ ಅನುಕೂಲ.

"ಇಂಚಿನ ಮಾತು ಸಾಕು," ಎಂದ ರಾಘು. "ಮುಖ್ಯವಾದದ್ದು ಚಿತ್ರದ ಗುಣಮಟ್ಟ. ಫೋರ್ ಕೆ ಎಂದರೆ 3840 ಅಡ್ಡ, 2160 ಉದ್ದ, ಹತ್ತಿರ ಹತ್ತಿರ 83 ಲಕ್ಷ ಚುಕ್ಕೆ. ಫುಲ್ ಎಚ್‌ಡಿಯ ನಾಲ್ಕರಷ್ಟು. ಅಂಗಡಿಯಲ್ಲಿ ನೋಡಬೇಕು ನೀವು, ಗಿಳಿಯ ಒಂದೊಂದು ಗರಿಯೂ ಕಾಣುತ್ತದೆ."

"ನೋಡಿದ್ದೇನೆ. ಗಿಳಿ ಹಾರುತ್ತದೆ, ಜೇನು ಸುರಿಯುತ್ತದೆ, ದಾಳಿಂಬೆ ಹಣ್ಣು ನಿಧಾನವಾಗಿ ಬಿರಿಯುತ್ತದೆ. ಸದಾಶಿವಾ, ನಿಮ್ಮ ಮನೆಯಲ್ಲಿ ದಾಳಿಂಬೆ ಬಿರಿಯುವುದನ್ನು ಯಾರು ನೋಡುತ್ತಾರೆ? ಅಂಗಡಿಯಲ್ಲಿ ಬಣ್ಣ, ಬೆಳಕು ಎರಡನ್ನೂ ಕಣ್ಣು ಕುಕ್ಕುವಷ್ಟು ಏರಿಸಿಟ್ಟಿರುತ್ತಾರೆ. ಅದಕ್ಕೆಂದೇ ಟಿವಿಯೊಳಗೆ ಅಂಗಡಿಗೊಂದು, ಮನೆಗೊಂದು ಬೇರೆ ಬೇರೆ ಸೆಟ್ಟಿಂಗ್ ಇದೆ. ಹೆಣ್ಣು ನೋಡಲು ಹೋದ ದಿನ ಎಂದುಕೋ."

ಪದ್ಮಕ್ಕ ಕೆಮ್ಮಿದರು. ಮೇಷ್ಟ್ರು ಆ ದಾರಿ ಬಿಟ್ಟು ಬೇರೆ ದಾರಿ ಹಿಡಿದರು.

"ನಿಮ್ಮ ಸೋಫಾದಿಂದ ಗೋಡೆಗೆ ಎಷ್ಟು ಅಡಿ?"

"ಒಂಬತ್ತು."

"ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದವರೆಗೆ ಬಿಡಿಸಿ ನೋಡಬಲ್ಲದು. ಅದಕ್ಕಿಂತ ಸಣ್ಣದಾದರೆ ಎರಡು ಚುಕ್ಕೆ ಒಂದೇ ಆಗಿ ಕಾಣುತ್ತವೆ. ಆ ಲೆಕ್ಕದಲ್ಲಿ 55 ಇಂಚಿನ ಟಿವಿಯ ಫುಲ್ ಎಚ್‌ಡಿ ಚುಕ್ಕೆಗಳು ಏಳು ಅಡಿ ದಾಟಿದ ಮೇಲೆಯೇ ಬೆರೆತುಹೋಗುತ್ತವೆ. ಫೋರ್ ಕೆ ಚುಕ್ಕೆ ಮೂರೂವರೆ ಅಡಿಯಲ್ಲೇ. ಒಂಬತ್ತು ಅಡಿ ದೂರದಲ್ಲಿ ಕೂತ ನಿನಗೆ 83 ಲಕ್ಷವೂ ಒಂದೇ, ಅದರ ಕಾಲು ಭಾಗವೂ ಒಂದೇ. ಉಳಿದ ಅರವತ್ತು ಲಕ್ಷ ಚುಕ್ಕೆಗಳಿಗೆ ನೀನು ಸುಮ್ಮನೆ ಸಂಬಳ ಕೊಡುತ್ತಿದ್ದೀಯೆ."

"ಅದಕ್ಕೇ 65 ಬೇಕು ಎಂದದ್ದು. ದೊಡ್ಡದಾದರೆ ಚುಕ್ಕೆಯೂ ದೊಡ್ಡದಾಗುತ್ತದೆ," ಎಂದ ಸದಾಶಿವ, ಗೆದ್ದವನ ದನಿಯಲ್ಲಿ.

"ಇನ್ನೂ ಸಾಲದು. ಒಂದು ಅಡಿ ಮುಂದಕ್ಕೆ ಜರುಗಬೇಕು. ಆಗ ಟೀಪಾಯಿ ಎಲ್ಲಿಡುತ್ತೀಯೆ?"

ರಾಘು ಪಟ್ಟು ಬಿಡಲಿಲ್ಲ. "ಚುಕ್ಕೆಯೊಂದೇ ಗುಣಮಟ್ಟವಲ್ಲ ಸರ್. ಕಪ್ಪು ಮುಖ್ಯ. ಮಾಮೂಲಿ ಎಲ್‌ಇಡಿ ಟಿವಿಯ ಹಿಂದೆ ದೀಪ ಉರಿಯುತ್ತಲೇ ಇರುತ್ತದೆ, ಕಪ್ಪು ಬೂದಿಯ ಹಾಗೆ ಕಾಣುತ್ತದೆ. ಓಎಲ್‌ಇಡಿಯಲ್ಲಿ ಒಂದೊಂದು ಚುಕ್ಕೆಯೂ ತಾನೇ ಉರಿಯುತ್ತದೆ, ತಾನೇ ಆರುತ್ತದೆ. ಅಪ್ಪಟ ಕಪ್ಪು."

"ಎಷ್ಟು?"

"55ಕ್ಕೆ ಲಕ್ಷ ದಾಟುತ್ತದೆ."

"ಕಪ್ಪು ತೋರಿಸುವುದಕ್ಕೆ ಲಕ್ಷವೇ? ಸ್ವಿಚ್ ಆರಿಸಿದರೆ ಎಲ್ಲ ಟಿವಿಯಲ್ಲೂ ಅಪ್ಪಟ ಕಪ್ಪೇ."

"ಕ್ಯೂಎಲ್‌ಇಡಿ ಅಗ್ಗ," ಎಂದ ಸದಾಶಿವ. "ಅಂಗಡಿಯ ಹುಡುಗ ಎರಡೂ ಒಂದೇ ಎಂದ."

"ಒಂದೇ ಅಲ್ಲ, ಅದರ ಹಿಂದೆಯೂ ದೀಪವಿದೆ," ಎಂದು ರಾಘು ನೊಂದುಕೊಂಡು ಹೇಳಿದ.

"ಇಂಗ್ಲಿಷಿನ ಓ ಅಕ್ಷರಕ್ಕೆ ಬಾಲ ಹಚ್ಚಿದರೆ ಅಗ್ಗ, ಕತ್ತರಿಸಿದರೆ ದುಬಾರಿ," ಎಂದರು ಮೇಷ್ಟ್ರು. "ಇರಲಿ. ಲಕ್ಷ ಕೊಟ್ಟು ತಂದ ಮೇಲೆ ಅದರಲ್ಲಿ ಬರುವುದೇನು? ನಿಮ್ಮ ಮನೆಯ ಕೇಬಲ್ಲಿನ ಸಾಧಾರಣ ಚಾನೆಲ್. ಅದರ ಚಿತ್ರ 720 ಅಡ್ಡ, 576 ಉದ್ದ. ನಾಲ್ಕು ಲಕ್ಷ ಚಿಲ್ಲರೆ ಚುಕ್ಕೆ. ಅದನ್ನು ಟಿವಿ 83 ಲಕ್ಷಕ್ಕೆ ಹಿಗ್ಗಿಸಬೇಕು, ಅಂದರೆ ಸರಿಯಾಗಿ ಇಪ್ಪತ್ತು ಪಟ್ಟು. ಹತ್ತು ಜನಕ್ಕೆ ಮಾಡಿದ ಸಾರಿಗೆ ನೀರು ಬೆರೆಸಿ ಇನ್ನೂರು ಎಲೆಗೆ ಬಡಿಸಿದಂತೆ. ಪರದೆ ದೊಡ್ಡದಾದಷ್ಟೂ ಸಾರು ತೆಳ್ಳಗೆ."

"ಎಚ್‌ಡಿ ಚಾನೆಲ್ ಹಾಕಿಸಿಕೊಳ್ಳಬಹುದು, ಓಟಿಟಿಯಲ್ಲಿ ಫೋರ್ ಕೆ ಬರುತ್ತದೆ," ಎಂದ ರಾಘು.

"ಅದಕ್ಕೆ ತಿಂಗಳ ಚಂದಾ ಬೇರೆ. ಅಂದರೆ ಟಿವಿಯ ಬೆಲೆಯನ್ನೂ ಓರೆಯಾಗಿ ಅಳೆಯಬೇಕು ಎಂದಾಯಿತು. ಜಾಹೀರಾತಿನ ಬೆಲೆ ಒಂದು ಬದಿ, ಚಂದಾ ಇನ್ನೊಂದು ಬದಿ. ತೆಳುವಾದ ಟಿವಿಯಲ್ಲಿ ದನಿಗೆ ಜಾಗವಿರುವುದಿಲ್ಲವೆಂದು ಮುಂದೆ ಒಂದು ಸೌಂಡ್‌ಬಾರ್. ಗೋಡೆಗೆ ನೇತುಹಾಕುವ ಸ್ಟ್ಯಾಂಡು, ಸ್ಟೆಬಿಲೈಸರು, ಎರಡು ವರ್ಷದ ಹೆಚ್ಚುವರಿ ವಾರಂಟಿ. ಮೂಲೆಯಿಂದ ಮೂಲೆಗೆ ನೋಡಿದರೆ ಆಗ ನಿಜವಾದ ಬೆಲೆ."

"ಈಗ ತೆರಿಗೆಯಾದರೂ ಇಳಿದಿದೆ," ಎಂದರು ರಾಯರು. "32 ಇಂಚು ದಾಟಿದರೆ ಶೇ. 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ. 18 ಆಯಿತು."

"ನೋಡಿದಿರಾ, ಇಷ್ಟು ವರ್ಷ ಸರ್ಕಾರವೂ ಓರೆಯಾಗಿಯೇ ಅಳೆದು ತೆರಿಗೆ ಹಾಕುತ್ತಿತ್ತು. 32 ಇಂಚಿನ ಮನುಷ್ಯ ಬಡವ, 33 ಇಂಚಿನವನು ಶ್ರೀಮಂತ."

"ಪದ್ಮಾ, ಅಳುತ್ತಿರುವವಳು ಯಾರೇ?"

"ದೊಡ್ಡ ಸೊಸೆ, ಅತ್ತೆ."

"ನಿನ್ನೆಯೂ ಅವಳೇ ಅಳುತ್ತಿದ್ದಳಲ್ಲ?"

"ನಾಳೆಯೂ ಅವಳೇ."

ಈ ಮನೆಯಲ್ಲಿ ನಿಜವಾಗಿ ಟಿವಿಯ ಮುಂದೆ ಕೂರುವವರು ಅಜ್ಜಿ ಒಬ್ಬರೇ. ಸದಾಶಿವ ಕ್ರಿಕೆಟ್ಟನ್ನು ಮೊಬೈಲಿನಲ್ಲಿ ನೋಡುತ್ತಾನೆ. ಮಗಳು ಎಲ್ಲವನ್ನೂ ಮೊಬೈಲಿನಲ್ಲಿ ನೋಡುತ್ತಾಳೆ. ಅಜ್ಜಿಯ ಎರಡು ಕಣ್ಣಿಗೂ ಆಪರೇಷನ್ ಆಗಿದೆ, ಆದರೂ ಮುಖಗಳು ಸರಿಯಾಗಿ ಸಿಗುವುದಿಲ್ಲ. ಹಳೆಯ ಟಿವಿಯ ಎಡಗಡೆ ನೀಲಿ ಗೆರೆಯೊಂದು ಬಂದು ಆರು ತಿಂಗಳಾಯಿತು. ಅದನ್ನು ಕಂಡು ಬೇಸರಪಡದವರೂ ಅವರೊಬ್ಬರೇ.

"ನಮ್ಮ ಊರಿಗೆ ಟಿವಿ ಬಂದದ್ದು 1975ರಲ್ಲಿ," ಎಂದರು ರಾಯರು, ಯಾರೂ ಕೇಳದಿದ್ದರೂ.

"ಬೆಂಗಳೂರು ದೂರದರ್ಶನವೇ ಶುರುವಾದದ್ದು 1981ರಲ್ಲಿ," ಎಂದ ರಾಘು. ಅವನಿಗೆ ಇಂಥವೂ ಗೊತ್ತಿರುತ್ತವೆ.

"ಬೆಂಗಳೂರಿಗೆ ಮುಂಚೆಯೇ ಕಲಬುರಗಿಯ ಹಳ್ಳಿಗೆ ಬಂದಿತ್ತಪ್ಪ. ಅಮೆರಿಕದ ಉಪಗ್ರಹವೊಂದನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ಟಿವಿ ಇಟ್ಟಿದ್ದರು. ನಮ್ಮ ಕಡೆ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳು. ಶಾಲೆಯ ಮಾಡಿನ ಮೇಲೆ ಕೋಳಿ ಬಲೆಯ ತಂತಿಯಲ್ಲಿ ಮಾಡಿದ ಹತ್ತು ಅಡಿಯ ಬುಟ್ಟಿ. ಸಂಜೆಯಾದರೆ ಊರಿಗೆ ಊರೇ ಅದರ ಮುಂದೆ. ಬೇಸಾಯದ ಮಾತು, ಮಕ್ಕಳ ಪಾಲನೆ, ನಡುವೆ ಒಂದಿಷ್ಟು ಹಾಡು. ಕಪ್ಪು ಬಿಳುಪು."

"ಎಷ್ಟು ಇಂಚು?" ಎಂದ ಸದಾಶಿವ.

"ಯಾರು ಅಳೆದರು? ನಾನು ಕೊನೆಯ ಸಾಲಿನಲ್ಲಿ ಸೋದರಮಾವನ ಹೆಗಲ ಮೇಲೆ. ಅಲ್ಲಿಂದ ಪರದೆ ಅಂಗೈಯಷ್ಟು ಕಾಣುತ್ತಿತ್ತು. ಮುಂದಿನವರು ಕಂಡದ್ದನ್ನು ಹಿಂದಿನವರಿಗೆ ಹೇಳುತ್ತಿದ್ದರು, ಅವರು ತಮ್ಮ ಹಿಂದಿನವರಿಗೆ. ನನ್ನ ಬಳಿ ಬರುವ ಹೊತ್ತಿಗೆ ಎಮ್ಮೆಯ ರೋಗದ ಕಾರ್ಯಕ್ರಮವೂ ದೊಡ್ಡ ಕಥೆಯಾಗಿರುತ್ತಿತ್ತು. ವರ್ಷ ತುಂಬಿತು, ಉಪಗ್ರಹವನ್ನು ಸರಿಸಿಕೊಂಡು ಹೋದರು. ಆಮೇಲೂ ಕೆಲವು ದಿನ ಜನ ಸಂಜೆ ಶಾಲೆಯ ಮುಂದೆ ಬಂದು ಕೂರುತ್ತಿದ್ದರು. ಬಂದದ್ದಕ್ಕೆ ಅದೂ ಇದೂ ಮಾತನಾಡಿಕೊಂಡು ಹೋಗುತ್ತಿದ್ದರು."

ಮೇಷ್ಟ್ರು ಸಹ ಇದಕ್ಕೆ ಏನೂ ಹೇಳಲಿಲ್ಲ. ಒಳಗೆ ಡೋಲು ಬಡಿಯಿತು. ಅಜ್ಜಿ ಈ ಸಲ ಕೇಳಲಿಲ್ಲ; ಪದ್ಮಕ್ಕನೇ ಎದ್ದು ಹೋಗಿ, "ನಾದಿನಿ ಔಷಧಿಯ ಶೀಸೆ ಬದಲಾಯಿಸಿದಳು, ಅತ್ತೆ," ಎಂದು ಹೇಳಿ ಬಂದರು. ಬರುವಾಗ ಕೈಯಲ್ಲಿ ಹೊಲಿಗೆಯ ಟೇಪು.

"ಶೋಕೇಸಿನ ಗೂಡು ಅಳೆದೆ. ನೇರವಾಗಿಯೇ ಅಳೆದೆ ಮೇಷ್ಟ್ರೇ. 46 ಇಂಚು."

"65ರ ಅಗಲ 57. 55ರದು 48. 50 ಇಂಚಿನದಾದರೆ 44ರೊಳಗೆ ಮುಗಿಯುತ್ತದೆ, ಹಿಡಿಸುತ್ತದೆ," ಎಂದರು ಮೇಷ್ಟ್ರು, ಕಾಗದ ಮುಟ್ಟದೆ.

"50 ತಂದು ಷಡ್ಡಕನ ಮುಂದೆ ಹೇಗೆ ತಲೆ ಎತ್ತಲಿ? ಶೋಕೇಸ್ ಒಡೆಸುತ್ತೇನೆ," ಎಂದ ಸದಾಶಿವ.

"ಅದು ನನ್ನ ತವರಿನವರು ಕೊಟ್ಟದ್ದು," ಎಂದರು ಪದ್ಮಕ್ಕ. ಶೋಕೇಸ್ ಉಳಿಯಿತು.

ಅಷ್ಟರಲ್ಲಿ ಸದಾಶಿವನ ಮೊಬೈಲ್ ಬಡಿದುಕೊಂಡಿತು. "ಹೂಂ... ಹೌದೇ?... ಸಂತೋಷ... ಹೂಂ, ಕೇಳಿ ಹೇಳುತ್ತೇನೆ," ಎಂದು ಇಟ್ಟ. ಮುಖ ಬೂದಿಗೆ ತಿರುಗಿತ್ತು, ಹಿಂದೆ ದೀಪವಿರುವ ಕಪ್ಪಿನ ಹಾಗೆ.

"ಷಡ್ಡಕ. ಅವನು ನಿನ್ನೆ 75 ತಂದನಂತೆ. ಹಳೆಯ 55 ಸುಮ್ಮನೆ ಬಿದ್ದಿದೆ, ಬೇಕಾದರೆ ತೆಗೆದುಕೊಂಡು ಹೋಗು, ದುಡ್ಡು ಬೇಡ ಎಂದ."

"ಬಿಟ್ಟಿ ಬಂದರೆ ಯಾಕೆ ಬೇಡ ಅನ್ನಬೇಕು?" ಎಂದರು ರಾಯರು.

"ಗೂಡಿಗೆ ಎರಡು ಇಂಚು ಹೆಚ್ಚಾಗುತ್ತದಲ್ಲ?" ಎಂದ ರಾಘು.

"ನೆಟ್ಟಗೆ ನಿಲ್ಲಿಸಿ. ಆಗ ಅಗಲ 27 ಇಂಚು," ಎಂದರು ಮೇಷ್ಟ್ರು. "ಮೇಲಿನ ಚನ್ನಪಟ್ಟಣದ ಬೊಂಬೆಗಳ ಹಲಗೆ ತೆಗೆದರೆ ಎತ್ತರವೂ ಸಾಕು. ನಿಮ್ಮ ಮಗಳು ನೋಡುವ ರೀಲ್ಸ್ ಎಲ್ಲ ನೆಟ್ಟಗೇ ಇರುತ್ತವೆ. ಅಮ್ಮನಿಗಂತೂ ಡೋಲು ಕೇಳಿಸಿದರೆ ಆಯಿತು."

ಸದಾಶಿವನ ಕಿವಿಗೆ ಇದಾವುದೂ ಬೀಳಲಿಲ್ಲ. ಸ್ವಲ್ಪ ಹೊತ್ತು ಗೋಡೆ ನೋಡಿ ಕೇಳಿದ:

"ರಾಘು, 75 ಆದ ಮೇಲೆ ಯಾವುದು?"

"85."

"85 ತನ್ನಿ," ಎಂದರು ಪದ್ಮಕ್ಕ. "ಟಿವಿ ನಡುಮನೆಯಲ್ಲಿ ಇರಲಿ, ನೀವು ಅಂಗಳದಲ್ಲಿ ಕೂತು ನೋಡಿ. ಮೇಷ್ಟ್ರೇ, ಗೇಟಿನಿಂದ ಆ ಗೋಡೆಗೆ ಎಷ್ಟು ಅಡಿ ಬರುತ್ತದೆ?"

"ನೇರವಾಗಿ ಬೇಕೋ, ಓರೆಯಾಗಿ ಬೇಕೋ?" ಎಂದರು ಮೇಷ್ಟ್ರು.