ಶೇಖಾವಾಟಿಯ ಠಿಕಾಣಗಳು ಒಂದೇ ರಾಜ್ಯವಾಗಿ ಏಕೆ ಬೆಳೆಯಲಿಲ್ಲ?

ಕೋಟೆಕೊತ್ತಲ (ಪ್ರಶ್ನೆ):
ರಾಜಸ್ಥಾನದ ಸೀಕರ್ ಮತ್ತು ಝುಂಝುನೂ ಜಿಲ್ಲೆಗಳನ್ನು ಒಳಗೊಂಡ ಶೇಖಾವಾಟಿ ಪ್ರದೇಶದ ಚರಿತ್ರೆಯನ್ನು ಓದುತ್ತಿದ್ದೇನೆ. ಆಮೇರಿನ, ಅಂದರೆ ಮುಂದಿನ ಜೈಪುರದ, ಕಛವಾಹ ಅರಸುಮನೆತನದ ಕವಲಾದ ಶೇಖಾವತ್ ರಜಪೂತರು ಹದಿನೈದನೆಯ ಶತಮಾನದಿಂದ ಜಾಗೀರು ರದ್ದಾಗುವವರೆಗೂ ಇಲ್ಲಿ ಭೂಮಿಯ ಒಡೆಯರಾಗಿದ್ದರು. ಈ ವಂಶಕ್ಕೆ ಹೆಸರು ಕೊಟ್ಟ ರಾವ್ ಶೇಖಾ ತೀರಿಕೊಂಡ 1488ರಲ್ಲಿಯೇ ಜೋಧಪುರದ ರಾಠೋಡರ ಒಂದು ಕವಲು ಬೀಕಾನೇರ್ ನಗರವನ್ನು ಕಟ್ಟಿತು. ಆ ಕವಲು ದೊಡ್ಡ ಸಂಸ್ಥಾನವಾಗಿ ಬೆಳೆಯಿತು. ಶೇಖಾವತರ ನಾಡು ಮಾತ್ರ ಖೇತಡಿ, ನವಲಗಢ, ಮಂಡಾವಾ, ಬಿಸಾವು, ಡೂಂಡಲೋದ್ ಎಂದು ಠಿಕಾಣಗಳಾಗಿಯೇ, ಅಂದರೆ ಠಾಕೂರರೆಂಬ ಒಡೆಯರ ಬೇರೆ ಬೇರೆ ಜಾಗೀರುಗಳಾಗಿಯೇ, ಉಳಿಯಿತು. ಇವರನ್ನು ನಮ್ಮ ಪಾಳೆಯಗಾರರಂತೆ ಭಾವಿಸಬಹುದೆ? ಇಷ್ಟು ಯೋಧರಿದ್ದ ಮನೆತನ ಒಂದು ಗದ್ದುಗೆಯ ಕೆಳಗೆ ಏಕೆ ನಿಲ್ಲಲಿಲ್ಲ ಎಂಬುದನ್ನು ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಶಾಸನಪ್ರಿಯ (ಉತ್ತರ):
ಮುಖ್ಯ ಕಾರಣ ಉತ್ತರಾಧಿಕಾರದ ಪದ್ಧತಿಯಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ರಜಪೂತ ಸಂಸ್ಥಾನಗಳಲ್ಲಿ ಸಾಮಾನ್ಯವಾಗಿ ಹಿರಿಯ ಮಗ ಗದ್ದುಗೆ ಏರುತ್ತಿದ್ದ, ಕಿರಿಯರಿಗೆ ಜೀವನಕ್ಕೆಂದು ಕೆಲವು ಹಳ್ಳಿಗಳು ಸಿಗುತ್ತಿದ್ದವು. ಶೇಖಾವಾಟಿಯ ಬಹುಭಾಗದಲ್ಲಿ ಇದರ ಬದಲು ‘ಭಾಯಿಬಂಟ್’ ನಡೆಯುತ್ತಿತ್ತು. ತಂದೆಯ ಆಸ್ತಿ ಗಂಡುಮಕ್ಕಳೆಲ್ಲರಿಗೂ ಸಮನಾಗಿ ಹಂಚಿಹೋಗುತ್ತಿತ್ತು.

ಇದರ ಪರಿಣಾಮವನ್ನು ಶೇಖಾವತ್ ನಾಯಕ ಶಾರ್ದೂಲ ಸಿಂಹನ ಮನೆಯಲ್ಲಿ ಸ್ಪಷ್ಟವಾಗಿ ನೋಡಬಹುದು. ಝುಂಝುನೂ ಮತ್ತು ಫತೇಪುರ ಅದುವರೆಗೆ ಕಾಯಮ್‌ಖಾನಿ ನವಾಬರ ಕೈಯಲ್ಲಿದ್ದವು (ಅವರೂ ಮೂಲತಃ ಚೌಹಾಣ್ ರಜಪೂತರೇ, ಇಸ್ಲಾಮಿಗೆ ಮತಾಂತರಗೊಂಡವರು). ಮೊಘಲರ ಹಿಡಿತ ಸಡಿಲವಾದಾಗ ಶಾರ್ದೂಲ ಸಿಂಹ 1730ರಲ್ಲಿ ಝುಂಝುನೂವನ್ನೂ, ಮರುವರ್ಷ ಸೀಕರಿನ ಶಿವಸಿಂಹ ಫತೇಪುರವನ್ನೂ ವಶಪಡಿಸಿಕೊಂಡರು. ಒಂದು ರಾಜ್ಯ ಹುಟ್ಟಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಆದರೆ 1742ರಲ್ಲಿ ಶಾರ್ದೂಲ ಸಿಂಹ ತೀರಿಕೊಂಡ ಮೇಲೆ ಜೋರಾವರ್, ಕಿಶನ್, ಅಖೈ, ನವಲ್ ಮತ್ತು ಕೇಸರಿ ಎಂಬ ಐದು ಮಕ್ಕಳ ನಡುವೆ ನಾಡು ಹಂಚಿಹೋಯಿತು. ‘ಪಂಚಪಾನಾ’ (ಐದು ಪಾಲು; ಪಾನಾ ಎಂದರೆ ಪಾಲು) ಎಂಬ ಹೆಸರು ಬಂದದ್ದು ಹೀಗೆ. ಅಖೈ ಸಿಂಹನಿಗೆ ಮಕ್ಕಳಿಲ್ಲದ್ದರಿಂದ ಅವನ ಪಾಲನ್ನು ಉಳಿದವರು ಮತ್ತೆ ಹಂಚಿಕೊಂಡರು. ನವಲ್ ಸಿಂಹನ ಸಂತತಿಯಿಂದ ನವಲಗಢ ಮತ್ತು ಮಂಡಾವಾ, ಕೇಸರಿ ಸಿಂಹನ ಸಂತತಿಯಿಂದ ಬಿಸಾವು ಮತ್ತು ಡೂಂಡಲೋದ್ ಬಂದವು. ಝುಂಝುನೂ ಪಟ್ಟಣದಲ್ಲಿ ಎಲ್ಲ ಪಾನಾಗಳಿಗೂ ಹಿಸ್ಸೆಯಿತ್ತು. ಅಕ್ಬರನ ಆಸ್ಥಾನದಲ್ಲಿ ಹೆಸರು ಮಾಡಿದ ಶೇಖಾವತ್ ನಾಯಕ ರಾಯಸಲ್ ದರ್ಬಾರಿಯ ಖಂಡೇಲಾ ಠಿಕಾಣ ಕೂಡ ಕೊನೆಗೆ ಬಡಾಪಾನಾ, ಛೋಟಾಪಾನಾ ಎಂದು ಎರಡಾಗಿ, ಒಂದೇ ಊರಿನಲ್ಲಿ ಇಬ್ಬರು ರಾಜರು ಕುಳಿತರು.

ಪಾಳೆಯಗಾರರೊಡನೆ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ನಮ್ಮ ಪಾಳೆಯಗಾರರಲ್ಲಿ ಬೇರೆ ಬೇರೆ ಕುಲದವರಿದ್ದರು. ಇಲ್ಲಿಯ ಠಾಕೂರರೆಲ್ಲ ಒಬ್ಬನೇ ಮೂಲಪುರುಷನ ದಾಯಾದಿಗಳು. ಅಕ್ಕಪಕ್ಕದ ಕೋಟೆಗಳ ನಡುವೆ ಕಲಹ ಎಷ್ಟೇ ಇದ್ದರೂ, ಹೊರಗಿನವರು ದಂಡೆತ್ತಿ ಬಂದಾಗ ಅವರು ಒಟ್ಟಿಗೆ ಸೇರುತ್ತಿದ್ದುದಕ್ಕೆ ಈ ರಕ್ತಸಂಬಂಧವೇ ಕಾರಣ.

ಮರಳುಗಾಡಿನ ಓದುಗ (ಉತ್ತರ):
ಶಾಸನಪ್ರಿಯ ಅವರ ವಿವರಣೆ ಸರಿಯಾಗಿದೆ, ಆದರೆ ಪಾಲುಪಟ್ಟಿಯೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು. ಜೈಪುರದ ನೆರಳನ್ನೂ ಗಮನಿಸಬೇಕು. ರಾವ್ ಶೇಖಾ ತನ್ನ ನಾಡಿನಲ್ಲಿ ಹುಟ್ಟುವ ಕುದುರೆಮರಿಗಳನ್ನು ಆಮೇರಿಗೆ ಕಪ್ಪವಾಗಿ ಒಪ್ಪಿಸುವುದನ್ನು ನಿಲ್ಲಿಸಿ, ಅಮರಸರದಿಂದ ಸ್ವತಂತ್ರವಾಗಿ ಆಳಿದ ಎಂದು ಪರಂಪರೆ ಹೇಳುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಸವಾಯಿ ಜಯಸಿಂಹನ ಕಾಲಕ್ಕೆ ಅದೇ ವಂಶದವರು ಜೈಪುರಕ್ಕೆ ‘ಮಾಮಲಾ’ ಎಂಬ ಕಪ್ಪ ಸಲ್ಲಿಸುವವರಾದರು. ಒಡೆದ ದಾಯಾದಿಗಳಿಂದ ಕಪ್ಪ ವಸೂಲು ಮಾಡುವುದು ಒಬ್ಬ ಬಲಿಷ್ಠ ರಾಜನಿಂದ ವಸೂಲು ಮಾಡುವುದಕ್ಕಿಂತ ಸುಲಭವಾದ್ದರಿಂದ, ಈ ಹಂಚಿಕೆ ಜೈಪುರಕ್ಕೆ ಅನುಕೂಲವೇ ಆಗಿತ್ತು.

ಹಂಚಿಕೆಯಿಂದ ಇನ್ನೊಂದು ಅನಿರೀಕ್ಷಿತ ಫಲವೂ ದೊರೆಯಿತು. ಗುಜರಾತಿನ ಬಂದರುಗಳಿಗೂ ದೆಹಲಿಗೂ ನಡುವಿನ ವ್ಯಾಪಾರದ ದಾರಿಗಳು ಇಲ್ಲಿ ಹಾದುಹೋಗುತ್ತಿದ್ದವು. ಚಿಕ್ಕ ಠಾಕೂರರು ಸುಂಕ ತಗ್ಗಿಸಿ, ರಕ್ಷಣೆಯ ಭರವಸೆ ಕೊಟ್ಟು, ಪೈಪೋಟಿಯಿಂದ ವರ್ತಕರನ್ನು ತಮ್ಮ ಊರಿಗೆ ಕರೆಯುತ್ತಿದ್ದರು. ಬೀಕಾನೇರಿಗೆ ಸೇರಿದ ಚೂರೂ ಪಟ್ಟಣದಲ್ಲಿ ತೆರಿಗೆಯ ವಿಷಯಕ್ಕೆ ಮುನಿಸಿಕೊಂಡ ಪೋದ್ದಾರ್ ವರ್ತಕ ಮನೆತನದವರು 1791ರಲ್ಲಿ ಸೀಕರಿನ ದೇವಿಸಿಂಹನ ಆಶ್ರಯದಲ್ಲಿ ರಾಮಗಢವನ್ನು ಕಟ್ಟಿದ್ದು ಇದಕ್ಕೆ ಸಾಕ್ಷಿ. ಮುಂದೆ ಈ ಮನೆತನಗಳು ಕಲ್ಕತ್ತಾಕ್ಕೆ ಹೋಗಿ ಗಳಿಸಿದ ಹಣದಿಂದಲೇ ಇಂದು ಪ್ರವಾಸಿಗರು ನೋಡಲು ಬರುವ ಚಿತ್ರಭರಿತ ಹವೇಲಿಗಳು ಎದ್ದವು.

ಪಾಲು ಸಣ್ಣದಾಗುತ್ತ ಹೋದಂತೆ ಕತ್ತಿಯನ್ನೇ ನಂಬಿದ ಕಿರಿಯ ಮಕ್ಕಳು ಸೈನಿಕರಾದರು, ಕೆಲವರು ದರೋಡೆಗೂ ಇಳಿದರು. ಆ ದರೋಡೆಗಳನ್ನು ಹತ್ತಿಕ್ಕಲೆಂದು ಬ್ರಿಟಿಷರು 1835ರಲ್ಲಿ ಝುಂಝುನೂವಿನಲ್ಲಿ ಶೇಖಾವಾಟಿ ಬ್ರಿಗೇಡ್ ಸ್ಥಾಪಿಸಿದರು. ನಸೀರಾಬಾದ್ ದಂಡುಪ್ರದೇಶವನ್ನು ಲೂಟಿ ಮಾಡಿದ ಶೇಖಾವತ್ ಮನೆತನದ ಡೂಂಗಜಿ ಮತ್ತು ಜವಾಹರಜಿ ಬ್ರಿಟಿಷರಿಗೆ ಡಕಾಯಿತರು, ಜನಪದ ಹಾಡುಗಳಲ್ಲಿ ವೀರರು. ಆಗ್ರಾ ಸೆರೆಮನೆಯಿಂದ ಡೂಂಗಜಿಯನ್ನು ಬಿಡಿಸಿದವರಲ್ಲಿ ಲೋಟಿಯಾ ಜಾಟ್ ಮತ್ತು ಕರಣಾ ಮೀಣಾ ಇದ್ದರೆಂಬುದನ್ನು ಆ ಹಾಡುಗಳು ಮರೆಯುವುದಿಲ್ಲ, ನಾವೂ ಮರೆಯಬಾರದು.

ಕೋಟೆಕೊತ್ತಲ:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಸೀಕರ್ ಮತ್ತು ಖೇತಡಿ ಅಷ್ಟು ದೊಡ್ಡದಾಗಿ ಉಳಿದದ್ದು ಹೇಗೆ?

ಶಾಸನಪ್ರಿಯ:
ಆ ಎರಡು ಠಿಕಾಣಗಳಲ್ಲಿ ಹಿರಿಯ ಮಗನಿಗೇ ಗದ್ದುಗೆ ಸಲ್ಲುವ ‘ಪಾಟವಿ’ ಪದ್ಧತಿ ನೆಲೆಗೊಂಡಿತು, ಆದ್ದರಿಂದ ನೆಲ ಒಡೆಯಲಿಲ್ಲ. ಸ್ವಾಮಿ ವಿವೇಕಾನಂದರ 1893ರ ಅಮೆರಿಕ ಪ್ರಯಾಣಕ್ಕೆ ಖೇತಡಿಯ ರಾಜಾ ಅಜಿತ್ ಸಿಂಹ ನೆರವಾಗಲು ಸಾಧ್ಯವಾದದ್ದರ ಹಿಂದೆ ಹಾಗೆ ಉಳಿದ ಆದಾಯವಿತ್ತು. ಒಂದು ಹಳ್ಳಿಯಲ್ಲಿ ಕಾಲುಪಾಲು ಪಡೆದ ಠಾಕೂರನಿಂದ ಅದು ಆಗುತ್ತಿರಲಿಲ್ಲ.

ಒಕ್ಕಲು (ಉತ್ತರ):
ಇಲ್ಲಿಯವರೆಗಿನ ಚರ್ಚೆಯಲ್ಲಿ ಉಳುವವರ ಪ್ರಸ್ತಾಪ ಬಂದಿಲ್ಲವಾದ್ದರಿಂದ ಅದನ್ನು ಸೇರಿಸುವುದು ಅಗತ್ಯವೆನಿಸಿತು. ಒಡೆಯರು ಹೆಚ್ಚಿದಷ್ಟೂ ರೈತನ ಮೇಲಿನ ಹೊರೆ ಹೆಚ್ಚಿತು. ಕಂದಾಯದ ಜೊತೆಗೆ ಮದುವೆ, ಮರಣ, ಹಬ್ಬಗಳ ಹೆಸರಿನಲ್ಲಿ ‘ಲಾಗ್-ಬಾಗ್’ ಎಂಬ ಹೆಚ್ಚುವರಿ ವಸೂಲಿಗಳಿದ್ದವು, ಬಿಟ್ಟಿ ದುಡಿಮೆಯೂ ಇತ್ತು. ಜಾಟ್ ರೈತರು ಇದರ ವಿರುದ್ಧ ಸಂಘಟಿತರಾದರು. 1934ರ ಏಪ್ರಿಲ್‌ನಲ್ಲಿ ಸೀಕರ್ ಬಳಿಯ ಕಟರಾಥಲ್‌ನಲ್ಲಿ ಕಿಶೋರಿ ದೇವಿಯವರ ನೇತೃತ್ವದಲ್ಲಿ ರೈತ ಮಹಿಳೆಯರ ಬೃಹತ್ ಸಮಾವೇಶ ನಡೆಯಿತು; ಮರುವರ್ಷ ಕೂದನ್ ಗ್ರಾಮದಲ್ಲಿ ಗೋಲಿಬಾರಿಗೆ ರೈತರು ಬಲಿಯಾದರು. ಸೀಕರಿನಲ್ಲಿ ಪಾಲುಪಟ್ಟಿಯ ಸಮಸ್ಯೆ ಇರಲಿಲ್ಲ, ಆದರೂ ಅಲ್ಲಿಯೇ ಸಂಘರ್ಷ ಅತ್ಯಂತ ತೀವ್ರವಾಯಿತು. ಆದ್ದರಿಂದ ಠಿಕಾಣಗಳೆಲ್ಲ ಸೇರಿ ಒಂದೇ ರಾಜ್ಯವಾಗಿದ್ದರೆ ನಾಡಿಗೆ ಒಳಿತಾಗುತ್ತಿತ್ತೆಂದು ಯಾರಾದರೂ ಭಾವಿಸುವುದಾದರೆ, ಅದನ್ನು ನಾನು ಒಪ್ಪಲಾರೆ.

1952ರ ಜಾಗೀರು ರದ್ದತಿ ಕಾಯ್ದೆಯಿಂದ ಈ ವ್ಯವಸ್ಥೆ ಕೊನೆಗೊಂಡಿತು. ಶೇಖಾವತ್ ಸಮುದಾಯದವರೇ ಆದ, ಸೀಕರ್ ಜಿಲ್ಲೆಯ ಖಾಚರಿಯಾವಾಸ್ ಗ್ರಾಮದ, ಮುಂದೆ ಉಪರಾಷ್ಟ್ರಪತಿಯಾದ ಭೈರೋನ್ ಸಿಂಗ್ ಶೇಖಾವತ್ ಅವರು ತಮ್ಮ ಪಕ್ಷವಾದ ಜನಸಂಘದ ಹಲವರ ವಿರೋಧದ ನಡುವೆಯೂ ಆ ರದ್ದತಿಯನ್ನು ಬೆಂಬಲಿಸಿದರು. ದೊಡ್ಡ ಠಿಕಾಣೇದಾರರು ಕೋಟೆಗಳನ್ನು ಹೋಟೆಲುಗಳನ್ನಾಗಿ ಮಾಡಿಕೊಂಡು ನಿಂತರು. ತಲೆಮಾರುಗಳ ಹಂಚಿಕೆಯಿಂದ ಆಗಲೇ ಬಡವಾಗಿದ್ದ ಸಣ್ಣ ಭೋಮಿಯಾ (ಕಿರು ಭೂಹಿಡುವಳಿಯ) ರಜಪೂತರು ಮಾತ್ರ ಐವತ್ತರ ದಶಕದಲ್ಲಿ ಈ ರದ್ದತಿಯ ವಿರುದ್ಧದ ಭೂಸ್ವಾಮಿ ಚಳವಳಿಯ ಮೂಲಕ ಬೀದಿಗಿಳಿಯಬೇಕಾಯಿತು.