ಅಪ್‌ಡೇಟ್: ಶರಾವತಿ ದೋಣಿ ಪ್ರವಾಸ ಮುಗಿಸಿ ಬಂದೆವು

ಶಿವಮೊಗ್ಗದಿಂದ ಹೊರಟು ಮೂರು ದಿನ, ಅಮ್ಮ ಮತ್ತು ಮಕ್ಕಳ ಜೊತೆ ದೋಣಿಯಲ್ಲಿ ಸುತ್ತೋಕೆ ಎಲ್ಲಿಗೆ ಹೋಗಲಿ ಅಂತ ಕೇಳಿದ್ದೆ ಅಲ್ವಾ? ನೀವು ಹೇಳಿದಂತೆ ಶರಾವತಿಯ ಜಾಡು ಹಿಡಿದು ಕಡಲಿನ ತನಕ ಹೋದೆವು.

ಮೊದಲು ಹೊನ್ನೆಮರಡು, ಲಿಂಗನಮಕ್ಕಿ ಹಿನ್ನೀರು. ಲೈಫ್ ಜಾಕೆಟ್ ಹಾಕಿದ ಮೇಲೆ ಅಮ್ಮನಿಗೆ ಹರಿಗೋಲಿನ ಭಯ ಹೋಯಿತು. ನಡುನೀರಿಗೆ ಬಂದಾಗ ಮೆಲ್ಲಗೆ ಹೇಳಿದರು: "ನಮ್ಮಜ್ಜಿ ಮನೆ ಗದ್ದೆಯೂ ಇದರಡಿಯಲ್ಲೇ ಇದೆ." 1964ರಲ್ಲಿ ಅಣೆಕಟ್ಟು ಮುಗಿದು ಊರುಗಳೇ ಮುಳುಗಿದವು. ಮಕ್ಕಳು ಆಮೇಲೆ ತುಂಬಾ ಹೊತ್ತು ನೀರನ್ನೇ ನೋಡುತ್ತಿದ್ದರು.

ಹಿನ್ನೀರಿನ ಆಚೆ ಇರುವ ಸಿಗಂದೂರು ದೇವಸ್ಥಾನಕ್ಕೆ 2025ರಿಂದ ಸೇತುವೆ ಇದೆ, ದಾಟಿಸುವ ಲಾಂಚ್‌ಗೆ ಕಾಯಬೇಕಿಲ್ಲ.

ಕೊನೆಗೆ ಶರಾವತಿ ಕಡಲು ಸೇರುವ ಹೊನ್ನಾವರ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ದೋಣಿ ನಿಧಾನ ಸಾಗುವುದು ಬಹಳ ಚಂದ. ಬೆಳಿಗ್ಗೆ ಬೇಗ ಹೋಗಿ, ಆಮೇಲೆ ಬಿಸಿಲು ಜಾಸ್ತಿ. ಮಳೆಗಾಲ ಮಾತ್ರ ಬೇಡ. ಎಲ್ಲರಿಗೂ ಥ್ಯಾಂಕ್ಸ್!